ಧನ್ಯವಾದ, ನರ್ಸ್ ಬರುತ್ತಾರೆ

ಜನವರಿ ೧೨

ಗೊಣಗಪ್ಪನಿಗೆ,

ಕಾಗದದ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಿ ನಾಲ್ಕು ಸಾಲು ಬರೆದರೆ ನೀನು ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಕೈತೊಳೆದುಕೊಳ್ಳುತ್ತೀಯ. ಕಾಗದ ಬಂದರೆ ಕೂತು ಉತ್ತರ ಬರೆಯಲೇಬೇಕು. ಅದಕ್ಕೇ ಈ ಉಪಾಯ.

ಮನೆ ಒಂದು ಹದಕ್ಕೆ ಬಂದಿದೆ. ಎರಡು ಕೋಣೆ, ಒಂದು ಉದ್ದನೆಯ ಅಡುಗೆಮನೆ, ಹಿಂದಿನ ಬಾಗಿಲು ತೆಗೆದರೆ ದೊಡ್ಡ ಸರೋವರ. ನಾನು ಕೆಲಸ ಬಿಟ್ಟ ಮೇಲೆ ಈ ಊರಿಗೆ ಬಂದದ್ದೇ ಆ ನೀರಿಗಾಗಿ ಎಂದು ನಿನ್ನ ಭಾವ ಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡುತ್ತಾರೆ. ಜೀವಮಾನವಿಡೀ ಈಜುಕೊಳದ ನೀಲಿ ಗೋಡೆಗಳ ನಡುವೆ ಊರ ಮಕ್ಕಳಿಗೆಲ್ಲ ಈಜು ಕಲಿಸಿದ ಮೇಷ್ಟ್ರು, ಈಗ ಗೋಡೆಯಿಲ್ಲದ ನೀರು ಸಿಕ್ಕಿತು ಎಂದು ಹಿಗ್ಗಿ, ಮೊದಲ ವಾರವೇ ಚೂಪು ಕಲ್ಲು ತುಳಿದು ಪಾದಕ್ಕೆ ಗಾಯ ಮಾಡಿಕೊಂಡರು. ಸಕ್ಕರೆ ಕಾಯಿಲೆಯವರ ಗಾಯ ಬೇಗ ಮಾಯುವುದಿಲ್ಲ. ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಆಗಬೇಕು, ನರ್ಸ್ ಮನೆಗೇ ಬರುತ್ತಾರೆ, ಫೋನಿನಲ್ಲಿ ಬುಕ್ ಮಾಡಿ ಎಂದರು ಡಾಕ್ಟರು.

ಫೋನ್ ತೆರೆದರೆ ಏನು ಕಾಣಬೇಕು ಹೇಳು. ನಮ್ಮದೇ ಸಾಫ್ಟ್‌ವೇರ್. ನೀನು ಬರೆದ ಪುಟ, ಉದ್ದಣ್ಣ ಬಣ್ಣ ಹಚ್ಚಿದ ಬಟನ್ನು, ಕೊನೆಯಲ್ಲಿ ನಾನು ಬರೆದ ಸಾಲು: ‘ಧನ್ಯವಾದ, ನರ್ಸ್ ಬರುತ್ತಾರೆ.’ ಆ ಸಾಲಿಗಾಗಿ ಒಂದು ಇಡೀ ಬೆಳಗ್ಗೆ ನಾವು ಜಗಳವಾಡಿದ್ದು ನೆನಪಿದೆಯೇ? ನೀನು ‘ನಿಮ್ಮ ಕೋರಿಕೆಯನ್ನು ಸ್ವೀಕರಿಸಲಾಗಿದೆ’ ಎಂದು ಹಾಕೋಣ ಅಂದೆ. ‘ನೋವಲ್ಲಿ ಇರೋರಿಗೆ ಕೋರಿಕೆ ಗೀರಿಕೆ ಯಾಕೋ, ನರ್ಸ್ ಬರ್ತಾರೋ ಇಲ್ವೋ ಅಷ್ಟು ಹೇಳು ಸಾಕು’ ಅಂದಿದ್ದೆ ನಾನು. ಹೊಸ ಊರಿನಲ್ಲಿ ಆ ಸಾಲು ಕಂಡಾಗ ತವರಿನವರು ಎದುರಿಗೆ ಬಂದು ನಿಂತ ಹಾಗಾಯಿತು.

ಆದರೆ ಇಲ್ಲಿಯ ನರ್ಸ್ ಮಾತ್ರ ನೆಟ್ಟಗಿಲ್ಲ. ಹೋದ ವಾರ ಒಂದು ದಿನ ಕೈಕೊಟ್ಟಳು, ಈ ವಾರ ಮತ್ತೆ. ಬರುತ್ತಾರೆ ಎಂದು ನಾನು ಬೇರೆಲ್ಲೂ ಹೋಗದೆ ಬಾಗಿಲು ಕಾಯುವುದು, ಕೊನೆಗೆ ನಾನೇ ಹತ್ತಿ ಹಿಡಿದು ಕೂರುವುದು. ಮುಂದಿನ ಸಲ ಬರಲಿ, ಬಿಸಿ ಮುಟ್ಟಿಸುತ್ತೇನೆ.

ನಾವು ದಿನಾ ಮೀಟಿಂಗ್ ಸೇರುತ್ತಿದ್ದ ಬೆಳಗಿನ ಕೋಣೆ ಹೇಗಿದೆ? ಟೀ ಇನ್ನೂ ಬಿಸಿನೀರಿನ ರುಚಿಯೇ ಇದೆಯೇ? ತೊಂದರೆಗಳ ಚೀಟಿಯನ್ನು ಈಗಲೂ ಗೋಡೆಗೆ ಅಂಟಿಸುತ್ತೀರಾ? ನಾನು ಹೊರಡುವ ದಿನ ನೀನು ಆ ಗೋಡೆಯ ಮುಂದೆ ನಿಂತು, ‘ಅಕ್ಕ, ಯಾವ ತೊಂದರೆ ಮೊದಲು ಅಂತ ಇನ್ಮೇಲೆ ಯಾರು ಹೇಳ್ತಾರೆ’ ಅಂದಿದ್ದೆ. ‘ನೀನೇ ಹೇಳು, ಗೊಣಗಿಕೊಂಡಾದ್ರೂ ಹೇಳು’ ಅಂದಿದ್ದೆ. ಹೇಳುತ್ತಿದ್ದೀಯ ತಾನೇ? ವಿವರವಾಗಿ ಬರೆ. ಇಲ್ಲಿ ಬೆಳಗಾದರೆ ಕೈಕಾಲು ಆಡುವುದಿಲ್ಲ, ಆ ಹೊತ್ತಿಗೆ ಎಲ್ಲಿಗೋ ಹೋಗಬೇಕಿತ್ತಲ್ಲ ಅನ್ನಿಸುತ್ತದೆ.

ಅಕ್ಕ


ಜನವರಿ ೨೭

ಅಕ್ಕ,

ಕಾಗದ ಬಂದ ದಿನ ಆಫೀಸಿನಲ್ಲಿ ಮೆರವಣಿಗೆಯೊಂದೇ ಬಾಕಿ. ಕೆಳಗಿನ ಕಾವಲುಗಾರ ‘ಸಾರ್, ನಿಮಗೆ ಟಪಾಲು’ ಎಂದು ಎರಡೂ ಕೈಯಲ್ಲಿ ಹಿಡಿದು ತಂದ. ಉದ್ದಣ್ಣ ಇಣುಕಿ ನೋಡಿ, ‘ಯಾರೋ ಇದು, ಕೋರ್ಟ್ ನೋಟೀಸಾ’ ಅಂದ. ನಿಮ್ಮ ಅಕ್ಷರ ಗುರುತು ಹಿಡಿದ ಮೇಲೆ ಅವನೂ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತ.

ಬೆಳಗಿನ ಕೋಣೆ ಹಾಗೇ ಇದೆ. ಕಿಟಕಿಯಿಂದ ಬಸ್ಸಿನ ಅಂಗಳ ಕಾಣುತ್ತದೆ, ಡ್ರೈವರುಗಳು ಗಾಜು ಒರೆಸುತ್ತಾ ಬೈದಾಡುವುದು ಕೇಳುತ್ತದೆ. ಟೀ ವಿಷಯ ಕೇಳಬೇಡಿ. ಗೋಡೆಗೆ ಚೀಟಿ ಅಂಟಿಸುತ್ತೇವೆ. ಚೀಟಿ ತಂದವರು ಎದ್ದು ನಿಂತು, ತೊಂದರೆಪಟ್ಟವರ ಪಾತ್ರ ಹಾಕಿ ‘ನಾನು’ ಎಂದು ಶುರುಮಾಡಿ ಹೇಳಬೇಕು ಎಂಬ ನಿಮ್ಮ ಕಾಯಿದೆಯನ್ನು ನಾನು ಬಿಟ್ಟಿಲ್ಲ.

ನನ್ನ ಮೊದಲ ದಿನ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ‘ಅಕ್ಷರ ಚಿಕ್ಕದು, ಸಾಧಾರಣ ತೊಂದರೆ’ ಎಂದು ಚೀಟಿ ಓದಿದೆ. ನೀವು ಕನ್ನಡಕ ಕೆಳಗಿಳಿಸಿ, ‘ಓದಬೇಡ, ಆಡಿ ತೋರ್ಸು, ಯಾರಿಗೆ ಚಿಕ್ಕದು’ ಅಂದಿರಿ. ನಾನು ಅಜ್ಜಿಯಾದೆ. ಸೊಂಟ ಬಗ್ಗಿಸಿ, ದನಿ ನಡುಗಿಸಿ, ‘ನಾನು ಒಂಟಿ ಮುದುಕಿ ಕಣಪ್ಪ’ ಎಂದು ಶುರುಮಾಡಿದಾಗ ಕೋಣೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆಡುತ್ತಾ ಆಡುತ್ತಾ ನನ್ನ ಅಜ್ಜಿ, ಕಣ್ಣು ಕಾಣದೆ ‘ಬೇಕು’ ಅನ್ನುವ ಕಡೆ ‘ಬೇಡ’ ಒತ್ತಿಬಿಟ್ಟಳು. ಅವಳಿಗೆ ಇಂಜೆಕ್ಷನ್ ಕೊಡಲು ಯಾರೂ ಬರುವುದಿಲ್ಲ ಎನ್ನುವುದು ನನಗೇ ಆಗ ಹೊಳೆಯಿತು, ನಗು ನಿಂತುಹೋಯಿತು. ನೀವು ಎದ್ದು ಹೋಗಿ ನನ್ನ ಚೀಟಿಯನ್ನು ಗೋಡೆಯ ತುದಿಗೆ ಅಂಟಿಸಿದಿರಿ. ಆ ಬೆಳಗ್ಗೆ ನನಗೆ ಈ ಕೆಲಸ ಇಷ್ಟವಾಯಿತು ಅಕ್ಕ. ಅದಕ್ಕೆ ಮುಂಚೆ ಸಂಬಳಕ್ಕೆ ಬಂದಿದ್ದೆ.

ಈಗ ಹೊಸ ಮ್ಯಾನೇಜರ್ ಮೇಡಂ ಬಂದಿದ್ದಾರೆ. ಕೆಟ್ಟವರಲ್ಲ, ಚುರುಕು. ಪುಟ ಎಷ್ಟು ನಿಧಾನವಾಗಿದೆ, ಎಷ್ಟು ಜನಕ್ಕೆ ತಾಗಿದೆ ಎರಡನ್ನೂ ಗುಣಿಸಿ ಪ್ರತಿ ತೊಂದರೆಗೂ ಕಂಪ್ಯೂಟರೇ ಅಂಕ ಕೊಡುವ ಏರ್ಪಾಡು ಮಾಡಿದ್ದಾರೆ. ಹೆಚ್ಚು ಅಂಕ ಬಂದದ್ದು ಮೊದಲು. ನನಗೆ ಮಹಡಿಯ ಮೇಲೆ ಒಳ್ಳೆ ಬೆಳಕಿರುವ ಜಾಗ ಕೊಟ್ಟಿದ್ದಾರೆ, ಕಣ್ಣಿಗೆ ಹಿತವಾಗಿದೆ.

ಆ ನರ್ಸ್ ಬಗ್ಗೆ ಮೇಲಿನವರಿಗೆ ದೂರು ಕೊಡಿ, ಮುಲಾಜು ನೋಡಬೇಡಿ. ಭಾವ ಬೇಗ ನೀರಿಗಿಳಿಯಲಿ.

ನಿಮ್ಮ ಗೊಣಗ


ಫೆಬ್ರವರಿ ೯

ಗೊಣಗಪ್ಪನಿಗೆ,

ನಿನ್ನ ಕಾಗದವನ್ನು ನಿನ್ನ ಭಾವನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅಜ್ಜಿಯ ಭಾಗ ಎರಡು ಸಲ ಓದಿಸಿಕೊಂಡರು. ಕಾಲನ್ನು ದಿಂಬಿನ ಮೇಲಿಟ್ಟುಕೊಂಡು, ಮೈಯೆಲ್ಲ ಕುಲುಕಿಸಿ ನಕ್ಕು, ಆಮೇಲೆ ‘ಅಯ್ಯೋ ಕಾಲು’ ಅಂದರು.

ನರ್ಸ್‌ಗೆ ಬಿಸಿ ಮುಟ್ಟಿಸಿದೆ. ಬಾಗಿಲಲ್ಲೇ ನಿಲ್ಲಿಸಿ, ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ಸಮಾಧಾನವಾಗಿ ಕೇಳಿ ಏನೋ ಒಂದು ತೋರಿಸಿದಳು. ತಪ್ಪು ಅವಳದಲ್ಲ ಎಂದು ತಿಳಿಯಿತು. ಹೋಗಲಿ ಬಿಡು.

ಒಂದು ವಿಷಯ ಕೇಳಬೇಕಿತ್ತು. ನಮ್ಮ ಬೀದಿಯಲ್ಲಿ ಒಬ್ಬ ಹೆಂಗಸು ಇದ್ದಾಳೆ. ಅವಳ ಹತ್ತಿರ ಹಳೆಯ ಫೋನು. ನರ್ಸ್ ಬೇಕು ಎಂದು ಒತ್ತಿದ ಕೂಡಲೇ ‘ಧನ್ಯವಾದ, ನರ್ಸ್ ಬರುತ್ತಾರೆ’ ಎಂದು ತೋರಿಸುತ್ತದಂತೆ. ಆದರೆ ಎಷ್ಟೋ ಸಲ ಬುಕಿಂಗ್ ಆಗಿರುವುದಿಲ್ಲ. ನರ್ಸ್‌ಗಳ ಪಟ್ಟಿಯಲ್ಲಿ ಅವಳ ಮನೆಯ ಹೆಸರೇ ಇರುವುದಿಲ್ಲ. ನಮ್ಮ ಕಾಲದಲ್ಲಿ ಬುಕಿಂಗ್ ಹೋಗಿ ಮುಟ್ಟಿದ ಮೇಲೆ ಆ ಸಾಲು ಬರುತ್ತಿತ್ತು. ಈಗ ಮೊದಲೇ ಸಾಲು ತೋರಿಸಿ, ಬುಕಿಂಗನ್ನು ಹಿಂದಿನಿಂದ ಕಳಿಸುತ್ತೀರಾ ಎಂದು ನನಗೆ ಅನುಮಾನ. ಹೊಸ ಫೋನಿನಲ್ಲಿ ಅದು ಕಣ್ಣುಮುಚ್ಚಿ ಬಿಡುವುದರೊಳಗೆ ಹೋಗಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಹಳೆಯ ಫೋನಿನಲ್ಲಿ ತೆವಳುತ್ತಿರುತ್ತದೆ. ಧನ್ಯವಾದ ಅಂದಮೇಲೆ ಮುಗಿಯಿತು ಎಂದು ಅವಳು ಫೋನ್ ಮುಚ್ಚಿ ಪಕ್ಕಕ್ಕಿಡುತ್ತಾಳೆ. ಅಲ್ಲಿಗೆ ಬುಕಿಂಗ್ ಸತ್ತಿತು.

ಇದು ಯಾರಾದರೂ ಕೋಣೆಗೆ ತಂದಿದ್ದಾರೆಯೇ? ನಿಮ್ಮ ಹೊಸ ಅಂಕದಲ್ಲಿ ಇದಕ್ಕೆ ಎಷ್ಟು ಬರುತ್ತದೆ? ಸುಮ್ಮನೆ ಕುತೂಹಲಕ್ಕೆ ಕೇಳಿದೆ. ಆ ಹೆಂಗಸಿಗೆ ಏನಾದರೂ ಹೇಳಬೇಕಲ್ಲ.

ಅಕ್ಕ


ಫೆಬ್ರವರಿ ೨೪

ಅಕ್ಕ,

ಉತ್ತರ ತಡವಾಯಿತು, ಕೆಲಸ ಜಾಸ್ತಿ.

ನೀವು ಕೇಳಿದ ತೊಂದರೆ ಪಟ್ಟಿಯಲ್ಲಿದೆ. ಹೋದ ವರ್ಷದ ಕೊನೆಗೆ, ಪುಟ ಬೇಗ ಬಂದ ಹಾಗೆ ಕಾಣಲಿ ಎಂದು ಹಾಗೆ ಮಾಡಿದರು. ವೇಗದ ಅಂಕ ಸಿಕ್ಕಾಪಟ್ಟೆ ಏರಿತು, ಎಲ್ಲರೂ ಬೆನ್ನು ತಟ್ಟಿಕೊಂಡರು. ಹಳೆಯ ಫೋನಿನವರ ಸಂಖ್ಯೆ ತೀರಾ ಕಡಿಮೆ, ತಿಂಗಳಿಂದ ತಿಂಗಳಿಗೆ ಇನ್ನೂ ಇಳಿಯುತ್ತಿದೆ. ಹಾಗಾಗಿ ಅಂಕ ತಳದಲ್ಲಿದೆ. ಆ ಹೆಂಗಸಿಗೆ ಬೇರೆ ಫೋನ್ ತೆಗೆದುಕೊಳ್ಳಲು ಹೇಳಿ, ಸದ್ಯಕ್ಕೆ ಅದೇ ದಾರಿ.

ಮೊನ್ನೆ ಉದ್ದಣ್ಣನೂ ನಾನೂ ಆ ಓರೆ ಚಿತ್ರದ ಕಥೆ ನೆನೆದು ನಕ್ಕೆವು. ಕಂಪನಿಯ ಯಜಮಾನರು ಖುದ್ದು ಕೋಣೆಗೆ ಬಂದು, ‘ಮೊದಲ ಪುಟದಲ್ಲಿ ನಮ್ಮ ಲಾಂಛನ ಒಂಚೂರು ಓರೆಯಾಗಿದೆ, ಬೇರೆಲ್ಲ ಬಿಟ್ಟು ಮೊದಲು ಅದನ್ನ ಸರಿ ಮಾಡಿ’ ಅಂದಾಗ ನೀವು, ‘ಆಗಲಿ ಸಾರ್, ನಿಂತ್ಕೊಳ್ಳಿ, ಲಾಂಛನ ಓರೆಯಾಗಿ ನರಳ್ತಿರೋ ರೋಗಿಯ ಪಾತ್ರ ಹಾಕಿ’ ಅಂದಿರಲ್ಲ. ಯಜಮಾನರು ಬಾಯಿ ತೆರೆದರು, ಮುಚ್ಚಿದರು, ಟೀ ಕುಡಿದು ಹೋದರು. ಎರಡು ವರ್ಷ ಅದು ಓರೆಯಾಗಿಯೇ ಇತ್ತು. ಅಂಥ ದಿನಗಳು ಮತ್ತೆ ಬರುವುದಿಲ್ಲ ಅಕ್ಕ.

ಗೊಣಗ


ಮಾರ್ಚ್ ೩

ಗೊಣಗನಿಗೆ,

ಹೇಳಿದೆ. ಪಕ್ಕದ ಮನೆಯವರ ಫೋನ್ ಕೇಳಿ ಪಡೆದು ಬುಕ್ ಮಾಡುತ್ತಿದ್ದಾಳೆ. ಅವರು ಕೆಲಸಕ್ಕೆ ಹೋದ ದಿನ ಇಲ್ಲ.

ಸಂಖ್ಯೆ ಇಳಿಯುತ್ತಿದೆ ಎಂದು ಬರೆದಿದ್ದೀಯ. ಅಂಗಡಿಯ ಬಾಗಿಲು ಜಾಮ್ ಆಗಿ ಜನ ಹೊರಗಿನಿಂದಲೇ ವಾಪಸ್ಸು ಹೋದರೆ, ಒಳಗಿರುವ ಗಿರಾಕಿಗಳನ್ನು ಎಣಿಸಿ ‘ಬಾಗಿಲಿನ ದೂರು ಕಡಿಮೆಯಾಗುತ್ತಿದೆ’ ಅನ್ನಬಹುದು. ಇದನ್ನು ನಿನಗೆ ನಾನು ಹೇಳಬೇಕಾಗಿ ಬಂತಲ್ಲ.

ಯಜಮಾನರ ಕಥೆ ನನಗೂ ನೆನಪಿದೆ. ಇನ್ನೊಮ್ಮೆ ಬರೆಯಬೇಕಾಗಿರಲಿಲ್ಲ.

ಅಕ್ಕ


ಮಾರ್ಚ್ ೨೧

ಅಕ್ಕ,

ಹೋದ ವಾರ ಒಂದು ಕಾಗದ ಹಾಕಿದ್ದೆ, ತಲುಪಿತೋ ಇಲ್ಲವೋ. ಇದು ಎರಡನೆಯದು. ನಾನು ಏನೋ ಎಡವಟ್ಟು ಬರೆದಿದ್ದೇನೆ ಎಂದು ಗೊತ್ತು, ಯಾವ ಸಾಲು ಎಂದೂ ಗೊತ್ತು. ಆ ಸಾಲು ನನ್ನದಲ್ಲ. ಎದುರಿಗೆ ಸಿಕ್ಕರೆ ಹೇಳುತ್ತೇನೆ, ಕಾಗದದಲ್ಲಿ ಬರೆಯಲು ಕೈ ಬರುತ್ತಿಲ್ಲ.

ಬೈದಾದರೂ ಬರೆಯಿರಿ. ನೀವು ಬೈಯದೆ ಇದ್ದರೆ ಊಟ ರುಚಿಸುವುದಿಲ್ಲ.

ಗೊಣಗ


ಏಪ್ರಿಲ್ ೬

ಅಕ್ಕ,

ಕಾಗದಕ್ಕೆ ಕಾದು ಕಾದು ನಿನ್ನೆ ಫೋನ್ ಮಾಡಿಯೇಬಿಟ್ಟೆ. ಭಾವ ಎತ್ತಿದರು.

‘ಏನೋ ಗೊಣಗ, ನಿಮ್ಮಕ್ಕ ಬಟ್ಟೆ ತರೋಕೆ ಮನೆಗೆ ಹೋಗಿದಾಳೆ. ನಾನು ಇಲ್ಲಿ ಆಸ್ಪತ್ರೆ ಮಂಚದ ಮೇಲೆ ರಾಜ ಇದ್ದ ಹಾಗೆ ಇದೀನಿ.’

‘ಆಸ್ಪತ್ರೆನಾ? ಯಾಕೆ ಭಾವ?’

‘ಕಿರುಬೆರಳು ತೆಗೆದ್ರಪ್ಪ. ನರ್ಸ್ ತಪ್ಪಿ ತಪ್ಪಿ ಬಂದು ಗಾಯ ಒಳಗೇ ಕೂತ್ಬಿಟ್ಟಿತ್ತು. ತಪ್ಪು ಫೋನಿಂದು ಅಂತ ನಿಮ್ಮಕ್ಕಂಗೆ ಗೊತ್ತಾದ ಮೇಲೂ ಆ ಹಾಳು ಫೋನ್ ಬದಲಾಯ್ಸೋಕೆ ನಾನೇ ಬಿಡ್ಲಿಲ್ಲ. ನಾವು ಬದಲಾಯ್ಸಿದ್ರೆ ಇಂಥ ಫೋನಿನವರು ಇನ್ನೊಬ್ಬರು ಕಡಿಮೆ ಆದ್ರು ಅಂತ ನಿಮ್ಮೋರು ಖುಷಿಪಡ್ತಾರೆ ಅಂದೆ. ಅವಳು ನಿನಗೆ ಬರೆದಿದಾಳಂತಲ್ಲ, ಹೆಂಗೂ ಮಾಡ್ತೀಯ ಅಂತಿದ್ಲು.’

ಆಮೇಲೆ ಅವರು ಏನು ಹೇಳಿದರೋ ನನ್ನ ಕಿವಿಗೆ ಬೀಳಲಿಲ್ಲ. ‘ನಮ್ಮ ಬೀದಿಯ ಹೆಂಗಸು’ ಎಂದಿರಿ. ನಾನು ಎಂಥ ದಡ್ಡ. ನರ್ಸ್ ಬಂದಿಲ್ಲ ಎಂದು ಒಂದು ಕಾಗದ, ಬುಕಿಂಗ್ ಸಾಯುತ್ತದೆ ಎಂದು ಮುಂದಿನ ಕಾಗದ. ಎರಡೂ ನನ್ನ ಮೇಜಿನ ಮೇಲೆ ಪಕ್ಕಪಕ್ಕದಲ್ಲೇ ಇದ್ದವು.

ಈಗ ನನ್ನದನ್ನೂ ಹೇಳಿಬಿಡುತ್ತೇನೆ. ಡಿಸೆಂಬರಿನಿಂದ ನಾನು ಆ ಕೋಣೆಯಲ್ಲಿ ಇಲ್ಲ ಅಕ್ಕ. ಜನವರಿಯಲ್ಲಿ ನಿಮಗೆ ಬರೆದ ಬೆಳಗಿನ ಕೋಣೆ ನೀವಿದ್ದಾಗಿನದು, ನೆನಪಿನಿಂದ ತೆಗೆದು ಬರೆದದ್ದು. ಈಗ ಗೋಡೆಗೆ ಚೀಟಿ ಇಲ್ಲ, ಯಾರೂ ‘ನಾನು’ ಎಂದು ನಿಲ್ಲುವುದಿಲ್ಲ. ಒಂದು ಪರದೆ ಇದೆ, ಅಂಕ ಬರುತ್ತದೆ, ಎಲ್ಲರೂ ತಲೆಯಾಡಿಸಿ ಹೊರಡುತ್ತಾರೆ. ನನ್ನನ್ನು ಆಚೆ ಹಾಕಿದ್ದು ಇದೇ ತೊಂದರೆಗೆ. ‘ಬುಕಿಂಗ್ ಮುಟ್ಟೋಕೆ ಮೊದಲೇ ಧನ್ಯವಾದ ಹೇಳೋದು ಸುಳ್ಳು ಹೇಳಿದ ಹಾಗೆ ಮೇಡಂ’ ಎಂದು ನಾನು ಹಟ ಹಿಡಿದೆ. ಒಂದು ದಿನವಲ್ಲ, ದಿನಾ ಹಿಡಿದೆ. ‘ನಿಮ್ಮಿಂದ ಮೀಟಿಂಗ್ ಮುಂದಕ್ಕೆ ಹೋಗ್ತಿಲ್ಲ’ ಎಂದು ಮಹಡಿಯ ಮೇಲೆ ಕೈಪಿಡಿ ಬರೆಯುವ ಕೆಲಸಕ್ಕೆ ಹಾಕಿದರು. ಬೆಳಕಿರುವ ಜಾಗ ಎಂದದ್ದು ಅದನ್ನೇ. ನೀವು ಗೋಡೆಯನ್ನು ನನ್ನ ಕೈಗೆ ಕೊಟ್ಟು ಹೋಗಿದ್ದಿರಿ. ಒಂದು ವರ್ಷವೂ ಉಳಿಸಿಕೊಳ್ಳಲಿಲ್ಲ ಎಂದು ಹೇಗೆ ಬರೆಯಲಿ? ‘ಬೇರೆ ಫೋನ್ ತೆಗೆದುಕೊಳ್ಳಲಿ’ ಎನ್ನುವುದು ಕೋಣೆಯಲ್ಲಿ ನನಗೆ ಸಿಕ್ಕ ಉತ್ತರ. ಅದನ್ನೇ ನಿಮಗೆ ದಾಟಿಸಿದೆ, ನಾನು ಇನ್ನೂ ಒಳಗಿದ್ದೇನೆ ಎಂದು ಕಾಣಲಿ ಎಂದು.

ನಿಮ್ಮ ಕಥೆಯನ್ನು ಕೋಣೆಗೆ ಒಯ್ಯಲು ಅಪ್ಪಣೆ ಕೊಡಿ. ಕರೆಯದಿದ್ದರೂ ಹೋಗುತ್ತೇನೆ. ನಿಮ್ಮ ಹೆಸರು ಹೇಳಿದರೆ ಯಜಮಾನರೇ ಎದ್ದು ಬರುತ್ತಾರೆ.

ಗೊಣಗ


ಏಪ್ರಿಲ್ ೧೨

ನನ್ನ ಗೊಣಗಪ್ಪನಿಗೆ,

ನಿನ್ನ ಕಾಗದ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಓದಿದೆ. ಮೊದಲು ಕೋಪ ಬಂತು, ಆಮೇಲೆ ನಗು ಬಂತು, ಆಮೇಲೆ ಅತ್ತುಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನಗೆ ಯಾರೋ ಹತ್ತಿರದವರು ಹೋದರು ಎಂದುಕೊಂಡು ಬೆನ್ನು ಸವರಿದಳು. ‘ಇಲ್ಲಮ್ಮ, ನಮ್ಮ ಹುಡುಗ ಕೆಟ್ಟಿಲ್ಲ ಅಂತ ಗೊತ್ತಾಯ್ತು’ ಅಂದೆ. ಅವಳಿಗೆ ಏನೂ ಅರ್ಥವಾಗಲಿಲ್ಲ.

ನಾನು ಮಾಡಿದ್ದೂ ಚೆಂದವಿಲ್ಲ. ನಾನೇ ಆ ಹೆಂಗಸು ಎಂದು ಒಂದು ಸಾಲು ಬರೆದಿದ್ದರೆ ನೀನು ಅವತ್ತೇ ಯಾರ ಕಾಲಾದರೂ ಹಿಡಿಯುತ್ತಿದ್ದೆ. ಅದೇ ನನಗೆ ಬೇಡವಾಗಿತ್ತು. ಯಜಮಾನರೇ ಕೇಳಿದರೂ ಅವರ ಓರೆ ಲಾಂಛನವನ್ನು ಮೊದಲು ಮಾಡದವಳು, ನನ್ನ ಗಂಡನ ಕಾಲನ್ನು ಮೊದಲು ಮಾಡು ಎನ್ನಲೇ? ಹೆಸರು ಗೊತ್ತಿಲ್ಲದವರಿಗೂ ಆ ಕೋಣೆ ಕೆಲಸ ಮಾಡುತ್ತದೆಯೇ ಎಂದು ನೋಡಬೇಕಿತ್ತು. ಮಾಡಲಿಲ್ಲ ಎಂದು ನಿನ್ನ ಮೇಲೆ ಮುನಿಸಿಕೊಂಡು ಕೂತೆ. ನೀನು ಕೋಣೆಯ ಹೊರಗೆ ನಿಂತಿದ್ದೆ ಎಂದು ನನಗೇನು ಗೊತ್ತು.

ಒಯ್ಯಿ. ನನ್ನ ಹೆಸರು ಮಾತ್ರ ಬೇಡ, ನಾನು ಅಲ್ಲಿದ್ದವಳು ಎನ್ನುವುದೂ ಬೇಡ. ಹಳೇ ಅಧಿಕಾರಿಯ ಮಾತು ಎಂದು ಕೇಳುವುದಾದರೆ ಕೇಳದಿರುವುದೇ ವಾಸಿ. ಕೆಳಗೆ ಬರೆದಷ್ಟನ್ನು ಹಾಗೇ ಹೇಳು.

ನಾನು ಈಜು ಮೇಷ್ಟ್ರ ಹೆಂಡತಿ. ನರ್ಸ್ ಬೇಕು ಎಂದು ಒತ್ತಿದೆ. ನರ್ಸ್ ಬರುತ್ತಾರೆ ಎಂದು ಫೋನ್ ಹೇಳಿತು. ನಂಬಿದೆ. ನರ್ಸ್ ಬರಲಿಲ್ಲ. ಫೋನ್ ತಪ್ಪು ಹೇಳುತ್ತದೆ ಎಂದು ನನಗೆ ತೋಚಲೇ ಇಲ್ಲ, ನರ್ಸನ್ನು ಬೀದಿಗೆಲ್ಲ ಕೇಳುವ ಹಾಗೆ ಬೈದೆ. ಅವಳು ತನ್ನ ಪಟ್ಟಿ ತೆಗೆದು, ‘ಅಮ್ಮಾ, ನೋಡಿ, ನಿಮ್ಮ ಮನೆ ಇದರಲ್ಲಿ ಇಲ್ವೇ ಇಲ್ಲ, ನಿಮ್ಮ ಯಜಮಾನ್ರ ಕಾಲು ಹೆಂಗಿದೆಯೋ ಅಂತ ದಾರಿಯಲ್ಲಿ ಹೋಗ್ತಾ ನಾನಾಗೇ ಬಂದೆ’ ಅಂದಳು. ಅಷ್ಟರಲ್ಲಿ ಕಾಲಿನ ಗಾಯ ಒಳಗಿಳಿದಿತ್ತು, ಕೊನೆಗೆ ಕಿರುಬೆರಳು ತೆಗೆದರು. ನಿಧಾನವಾಗಿದ್ದರೆ ನಾನು ಕಾಯುತ್ತಿದ್ದೆ. ಆಗಲಿಲ್ಲ ಎಂದು ಹೇಳಿದ್ದರೆ ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಹೋಗುತ್ತಿದ್ದೆ. ಬರುತ್ತಾರೆ ಎಂದಿದ್ದಕ್ಕೆ ಬಾಗಿಲು ಕಾಯುತ್ತಾ ಕೂತೆ.

ಇಷ್ಟೇ. ದನಿ ನಡುಗಿಸಬೇಡ, ಈ ಸಲ ಯಾರನ್ನೂ ನಗಿಸುವುದು ಬೇಡ.

ಅಕ್ಕ


ಮೇ ೨

ಅಕ್ಕ,

ಹೋದೆ. ಬೆಳಗ್ಗೆ ಎಲ್ಲರೂ ಕೂತ ಮೇಲೆ ಬಾಗಿಲು ತಳ್ಳಿಕೊಂಡು ಒಳಗೆ ನಿಂತೆ. ಮೇಡಂ ತಲೆಯೆತ್ತಿ, ‘ಕೈಪಿಡಿದು ಏನಾದ್ರೂ ಇದ್ರೆ ಆಮೇಲೆ’ ಅಂದರು. ‘ಐದು ನಿಮಿಷ ಮೇಡಂ, ಇದಾದ ಮೇಲೆ ಬೇಕಾದ್ರೆ ಕೆಲಸದಿಂದಲೇ ತೆಗೀರಿ’ ಅಂದೆ. ದನಿ ನಡುಗದ ಹಾಗೆ ನೋಡಿಕೊಂಡೆ.

ನಿಮ್ಮ ಮಾತನ್ನು ಒಂದಕ್ಷರ ಕೂಡಿಸದೆ ಹೇಳಿದೆ. ಹೊಸದಾಗಿ ಸೇರಿದವರು, ‘ನಾನು ಈಜು ಮೇಷ್ಟ್ರ ಹೆಂಡತಿ’ ಎಂದು ನಾನು ಶುರುಮಾಡಿದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉದ್ದಣ್ಣ ಮಾತ್ರ ತಲೆ ತಗ್ಗಿಸಿದ. ಅವನಿಗೆ ಗೊತ್ತಾಗಿತ್ತು. ಆದರೂ ನಿಮ್ಮ ಹೆಸರು ಹೇಳಲಿಲ್ಲ.

ಮುಗಿದ ಮೇಲೆ ಮೇಡಂ ಪೆನ್ನು ಕೆಳಗಿಟ್ಟರು. ಆಮೇಲೆ, ‘ಇಂಥವರು ಎಷ್ಟು ಜನ’ ಎಂದು ಕೇಳಿದರು.

‘ಗೊತ್ತಿಲ್ಲ ಮೇಡಂ. ನಮ್ಮ ಲೆಕ್ಕದಲ್ಲಿ ಇರೋದು ಇನ್ನೂ ಬಳಸ್ತಿರೋರು. ಇವರು ಬಿಟ್ಟು ಹೋದೋರು.’

‘ಬಿಟ್ಟು ಹೋದೋರ ನಂಬರ್ ನಮ್ಮ ಹತ್ರ ಇರತ್ತಲ್ವಾ?’

ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ ಅಕ್ಕ, ಅವರಿಗೇ ಹೊಳೆದದ್ದು. ಡಿಸೆಂಬರಿನಿಂದ ಈಚೆಗೆ ಹಳೆಯ ಫೋನಿನಿಂದ ಒತ್ತಿ, ಆಮೇಲೆ ಸುದ್ದಿಯೇ ಇಲ್ಲದವರ ಪಟ್ಟಿ ತೆಗೆಸಿದರು. ಪರದೆ ತುಂಬಿತು, ಕೆಳಗೆ ಸರಿಸಿದರೆ ಇನ್ನೂ ಇತ್ತು. ಅವತ್ತಿನ ಬೇರೆ ಕೆಲಸವೆಲ್ಲ ನಿಲ್ಲಿಸಿ ಒಬ್ಬೊಬ್ಬರಿಗೂ ಒಂದಿಷ್ಟು ನಂಬರ್ ಹಂಚಿದರು, ತಾವೂ ತೆಗೆದುಕೊಂಡರು. ಮೂರನೆಯ ಫೋನ್ ಮಾಡಿದ ಮೇಲೆ ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಬಂದು ಕೂತವರು, ‘ಅಂಕ ಕೊಡೋದನ್ನ ನಾನೇ ತಪ್ಪು ಮಾಡಿದೀನಿ. ಎಷ್ಟು ನಿಧಾನ, ಎಷ್ಟು ಜನ ಅಂತ ಕೇಳ್ದೆ. ಅವರಿಗೆ ಏನಾಯ್ತು ಅಂತ ಕೇಳ್ಲಿಲ್ಲ’ ಅಂದರು. ನಾನು ಆರು ತಿಂಗಳಿಂದ ಅವರನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದವನು, ಅವತ್ತು ಆಗಲಿಲ್ಲ.

ಕೆಲಸ ಆ ವಾರದಲ್ಲೇ ಮುಗಿಯಿತು. ಈಗ ಬುಕಿಂಗ್ ಮುಟ್ಟಿದ ಮೇಲೆಯೇ ನಿಮ್ಮ ಸಾಲು ಬರುತ್ತದೆ. ಅಲ್ಲಿಯವರೆಗೆ ‘ಇನ್ನೂ ಆಗಿಲ್ಲ, ಫೋನ್ ಮುಚ್ಚಬೇಡಿ’ ಎಂದು ತೋರಿಸುತ್ತದೆ. ವೇಗದ ಅಂಕ ಬಿತ್ತು. ಬೀಳಲಿ ಅಂದರು ಮೇಡಂ.

‘ಆ ಹೆಂಗಸು ಯಾರು’ ಎಂದು ಸಂಜೆ ನನ್ನನ್ನು ಕರೆದು ಕೇಳಿದರು. ‘ಈಜು ಮೇಷ್ಟ್ರ ಹೆಂಡತಿ’ ಅಂದೆ. ಮತ್ತೆ ಕೇಳಲಿಲ್ಲ. ಸೋಮವಾರದಿಂದ ಕೋಣೆಗೆ ಬಾ ಅಂದಿದ್ದಾರೆ. ಬಿಗುಮಾನ ಮಾಡಬೇಕು ಎಂದುಕೊಂಡಿದ್ದೆ, ಬಾಯಿಂದ ‘ಬರ್ತೀನಿ ಮೇಡಂ’ ಎಂದೇ ಬಂತು.

ಭಾವನ ಕಾಲು ಹೇಗಿದೆ? ಈ ಸಲ ಮುಚ್ಚಿಡದೆ ಬರೆಯಿರಿ.

ಗೊಣಗ


ಮೇ ೧೯

ಗೊಣಗಪ್ಪನಿಗೆ,

ಮುಚ್ಚಿಡುವುದಿಲ್ಲ. ಕಾಲು ಮಾಯುತ್ತಿದೆ. ಕಿರುಬೆರಳು ಹೋದದ್ದು ಹೋಯಿತು. ಡಾಕ್ಟರು ಇನ್ನು ಸರೋವರ ಬೇಡ ಅಂದಿದ್ದಾರೆ. ಅದನ್ನು ಕೇಳಿ ನಿನ್ನ ಭಾವ ಒಂದು ದಿನ ಗೋಡೆ ಕಡೆ ತಿರುಗಿ ಮಲಗಿದ್ದರು. ಈಗ ಹಿಂದಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಈಜುವವರ ತಪ್ಪನ್ನೆಲ್ಲ ಕೂಗಿ ಹೇಳುತ್ತಾರೆ. ಕೆಲವರು ಹೆದರಿ ಬೇರೆ ದಡಕ್ಕೆ ಹೋಗಿದ್ದಾರೆ. ನನಗೆ ನೋಡಿದರೆ ಸಂಕಟವಾಗುತ್ತದೆ, ಅವರ ಎದುರಿಗೆ ತೋರಿಸಿಕೊಳ್ಳುವುದಿಲ್ಲ.

ಹಳೆಯ ಫೋನಿನಲ್ಲೇ ಒತ್ತಿ ನೋಡಿದೆ. ‘ಇನ್ನೂ ಆಗಿಲ್ಲ’ ಎಂದು ಬಂತು, ಕಾದೆ. ಆಮೇಲೆ ಸಾಲು ಬಂತು. ಮರುದಿನ ನರ್ಸೂ ಬಂದಳು. ಅವಳಿಗೆ ಟೀ ಕೊಟ್ಟು, ಅವತ್ತು ಬೈದದ್ದಕ್ಕೆ ತಪ್ಪಾಯಿತು ಅಂದೆ. ಅವಳು, ‘ಬಿಡಿ ಅಮ್ಮ, ನಿಮ್ಮ ಹಾಗೆ ಬೈದೋರೇ ವಾಸಿ, ಅವರ ಮನೆ ಎಲ್ಲಿದೆ ಅಂತಾದ್ರೂ ಗೊತ್ತಾಗತ್ತೆ’ ಅಂದಳು.

ಆಮೇಲೆ ಡ್ರೆಸ್ಸಿಂಗ್ ಮಾಡುತ್ತಾ ಹೇಳಿದಳು. ಈ ತಿಂಗಳು ಅವಳ ಪಟ್ಟಿಗೆ ಹಳಬರು ತುಂಬ ಜನ ಮರಳಿ ಬಂದಿದ್ದಾರಂತೆ. ಒಬ್ಬರು ಬಾಗಿಲು ತೆರೆದು, ‘ನಮ್ಮನ್ನ ಬಿಟ್ಟೇಬಿಟ್ರಿ ಅಂದ್ಕೊಂಡಿದ್ದೆ’ ಎಂದು ಅವಳ ಕೈ ಹಿಡಿದುಕೊಂಡರಂತೆ. ನಿಮ್ಮವರು ಫೋನ್ ಮಾಡಿದಾಗ ಯಾರೂ ಎತ್ತದ ಒಂದು ಮನೆಯ ವಿಳಾಸ ಅವಳ ಪಾಲಿಗೆ ಬಂದಿತ್ತು, ಹೋಗಿ ನೋಡಿ ಎಂದು. ಬಾಗಿಲಿಗೆ ಬೀಗ. ಪಕ್ಕದ ಮನೆಯವರು ಬಂದು ಹೇಳಿದರಂತೆ: ಅಜ್ಜಿ ಒಬ್ಬರೇ ಇದ್ದರು. ವಾರದಲ್ಲಿ ಎರಡು ದಿನ ತಲೆ ಬಾಚಿ, ಒಗೆದ ಬಟ್ಟೆ ಉಟ್ಟು, ಬಾಗಿಲ ಹತ್ತಿರ ಕೂರುತ್ತಿದ್ದರು. ನಾವು ಆಸ್ಪತ್ರೆಗೆ ಕರೆದುಕೊಂಡು ಹೋಗ್ತೀವಿ ಬನ್ನಿ ಅಂದರೆ, ‘ಬೇಡ, ನರ್ಸ್ ಬರ್ತಾರೆ, ಫೋನ್ ಹೇಳಿದೆ’ ಎನ್ನುತ್ತಿದ್ದರು. ಚಳಿಗಾಲ ಮುಗಿಯುವುದಕ್ಕೆ ಮೊದಲೇ ತೀರಿಕೊಂಡರು. ನರ್ಸ್ ಬಂದಿದ್ದರೆ ಉಳಿಯುತ್ತಿದ್ದರೋ ಇಲ್ಲವೋ, ಯಾರಿಗೆ ಗೊತ್ತು. ಅವರು ನಂಬಿ ಕೂತದ್ದು ನಾನು ಬರೆದ ಸಾಲನ್ನು.

ಈ ಕೆಲವು ತಿಂಗಳಲ್ಲಿ ನಾವಿಬ್ಬರೂ ಹಳೆಯ ದಿನ ನೆನೆದು ಎಷ್ಟು ಕಾಗದ ತುಂಬಿಸಿದೆವು. ಆ ದಿನಗಳು ನನಗೆ ಈಗಲೂ ಬೇಕು, ಸುಳ್ಳು ಹೇಳುತ್ತಿಲ್ಲ. ಆದರೆ ನಿನ್ನೆಯಿಂದ ಒಂದು ವಿಷಯ ಕೊರೆಯುತ್ತಿದೆ. ಆಗ ಕೋಣೆಯಲ್ಲಿ ನಾವು ಪಾತ್ರ ಹಾಕಿ ಆಡಿದ್ದೆಲ್ಲ ನಮಗೆ ದೂರು ಕೊಟ್ಟವರದು. ಬೈದವರದು, ಬರೆದವರದು, ಫೋನ್ ಮಾಡಿ ಕೂಗಾಡಿದವರದು. ಏನೂ ಹೇಳದೆ ಸುಮ್ಮನೆ ಹೊರಟುಹೋದವರ ಪಾತ್ರವನ್ನು ನಮ್ಮಲ್ಲಿ ಯಾರೂ ಹಾಕಲಿಲ್ಲ, ನಾನೂ ಹಾಕಿಸಲಿಲ್ಲ. ಆಗಲೂ ಅವರು ಇದ್ದೇ ಇದ್ದಿರಬೇಕು. ನಾವು ಒಳಗೆ ನಗುತ್ತಿದ್ದ ಬೆಳಗುಗಳಲ್ಲೂ ಎಲ್ಲೋ ಯಾರೋ ಹೀಗೆ ತಲೆ ಬಾಚಿಕೊಂಡು ಕೂತಿರಬೇಕು.

ನೀನು ಈಗ ದಿನಾ ಆ ಕೋಣೆಗೆ ಹೋಗುತ್ತೀಯ. ಬಂದ ದೂರಿನಿಂದ ಶುರುಮಾಡಬೇಡ. ಹೋದ ವಾರ ಇದ್ದು ಈ ವಾರ ಇಲ್ಲದವರು ಯಾರು ಎಂದು ಮೊದಲು ಕೇಳು. ಅವರಿಗೆ ಫೋನ್ ಮಾಡು. ಎತ್ತದಿದ್ದರೆ ಇನ್ನೊಮ್ಮೆ ಮಾಡು.

ಅಕ್ಕ